ಮೊದಲನೇ ಬಾಟಲಿ ಸಂತೆಯಲ್ಲಿ, ಎರಡನೇದು ಮನೆ ಬಾಗಿಲಲ್ಲಿ

1/9

ಆನ್‌ಲೈನಲ್ಲಿ ಏನಾದ್ರೂ ಮಾರ್ತಿರೋ ಫ್ರೆಂಡ್ಸಿಗೆಲ್ಲ ಒಂದು ಪ್ರಶ್ನೆ. ನಾಳೆ ಬೆಳಿಗ್ಗೆ ನಿಮ್ಮ ಸೆಲ್ಲರ್ ಅಕೌಂಟ್ ಓಪನ್ ಆಗ್ಲಿಲ್ಲ ಅಂದ್ರೆ ನಿಮ್ಮ ಹತ್ರ ಏನು ಉಳಿಯುತ್ತೆ?

ಸ್ಟಾಕ್ ಉಳಿಯುತ್ತೆ. ಟೇಪು, ಬಾಕ್ಸು ಉಳಿಯುತ್ತೆ. ಕೊಂಡವರ ಫೋನ್ ನಂಬರ್? ಇಲ್ಲ. ವರ್ಷಗಟ್ಲೆ ಕೂಡಿಸಿದ ರೇಟಿಂಗು, ರಿವ್ಯೂ? ಅದೂ ಆ ಪೇಜಿನ ಜೊತೆಗೇ ಹೋಯ್ತು. ಈಗಾಗಲೇ ತಲುಪಿರೋ ಆರ್ಡರಿನ ದುಡ್ಡು ಕೂಡ ಅವರು ಬಿಟ್ಟಾಗಲೇ ಬರೋದು.

ನಮ್ಮ ಸೆಕ್ಷನ್ ಒಂದರಲ್ಲೇ ಒಂಬತ್ತು ಜನ ಏನಾದ್ರೊಂದು ಮಾರ್ತಾರೆ. ರೆಸಿನ್ ಕೀಚೈನ್, ಹಳೇ ಜೆರ್ಸಿ, ಕ್ರೋಶೆ ಬ್ಯಾಗು, ಅಮ್ಮ ಮಾಡಿದ ಸಾರಿನ ಪುಡಿ. ಕೇಳಿ ನೋಡಿದೆ. ಒಂಬತ್ತರಲ್ಲಿ ಏಳು ಜನರ ಪೂರ್ತಿ ವ್ಯಾಪಾರ ಒಂದೇ ಒಂದು ಆ್ಯಪ್ ಮೇಲೆ ನಿಂತಿದೆ. "ಚೆನ್ನಾಗಿ ಹೋಗ್ತಿದೆಯಲ್ಲ, ಇನ್ನೇನು?" ಅಂತಾರೆ.

ಚೆನ್ನಾಗಿ ಹೋಗ್ತಿರೋವಾಗಲೇ ಈ ಮಾತು ಆಡ್ಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರೆ ಏನು ಉಪಯೋಗ?

ಅಕೌಂಟಿಂಗ್ ಸ್ಟ್ಯಾಂಡರ್ಡ್ಸಲ್ಲಿ ಒಂದು ಸಣ್ಣ ನಿಯಮ ಬರುತ್ತೆ, ಇಂಡ್ ಎಎಸ್ 108. ಒಬ್ಬನೇ ಗ್ರಾಹಕನಿಂದ ಆದಾಯದ ಶೇ 10 ಅಥವಾ ಅದಕ್ಕಿಂತ ಹೆಚ್ಚು ಬರ್ತಿದ್ರೆ, ಕಂಪನಿ ಅದನ್ನ ತನ್ನ ಹಣಕಾಸು ವರದಿಯ ಟಿಪ್ಪಣಿಯಲ್ಲಿ ಹೇಳ್ಬೇಕು. ಯಾಕಂದ್ರೆ ಷೇರು ತಗೊಂಡವರಿಗೆ ಗೊತ್ತಾಗ್ಬೇಕು, ಆ ಒಬ್ಬ ಎದ್ದು ಹೋದ್ರೆ ಎಷ್ಟು ಹೋಗುತ್ತೆ ಅಂತ. ದೊಡ್ಡ ಕಂಪನಿಗೆ ಶೇ 10 ಇದ್ರೇ ಬರೆದು ಹೇಳೋ ವಿಷಯ. ನಮ್ಮ ಏಳು ಜನರದ್ದು ಶೇ 100. ಮಾರ್ಕೆಟ್‌ಪ್ಲೇಸ್ ಲೆಕ್ಕದ ಪ್ರಕಾರ ಗ್ರಾಹಕ ಅಲ್ಲ, ನಿಜ. ಆದ್ರೆ ಎದ್ದು ಹೋದ್ರೆ ಆಗೋ ಕಥೆ ಒಂದೇ.

ಮಾರ್ಕೆಟ್‌ಪ್ಲೇಸ್ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಅದನ್ನ ಸಂತೆ ಥರ ಬಳಸಿ, ಮನೆ ಥರ ಅಲ್ಲ ಅಂತಿದ್ದೀನಿ. ಸಂತೆಗೆ ಹೋಗೋದು ಹೊಸ ಗಿರಾಕಿ ಸಿಗಲಿ ಅಂತ. ಆದ್ರೆ ಸಂತೆ ಜಾಗ ನಮ್ಮದಲ್ಲ ಅಂತ ಗೊತ್ತಿರುತ್ತೆ, ಸಂಜೆ ಗಂಟು ಕಟ್ಟಿ ವಾಪಸ್ ಬರೋಕೆ ಒಂದು ಮನೆ ಇರುತ್ತೆ. ಆ ಮನೆ ಹೇಗೆ ಕಟ್ಟೋದು ಅನ್ನೋದೇ ಈ ಒಂಬತ್ತು ಪೋಸ್ಟು.

2/9

ಮೊದಲು ನ್ಯಾಯವಾಗಿ ಮಾತಾಡೋಣ. ಮಾರ್ಕೆಟ್‌ಪ್ಲೇಸ್ ಕೊಡೋದು ಸಣ್ಣದಲ್ಲ.

ಅಮೆಜಾನ್ ಭಾರತಕ್ಕೆ ಬಂದಿದ್ದು 2013ರಲ್ಲಿ. ಫ್ಲಿಪ್‌ಕಾರ್ಟ್ ಶುರುವಾಗಿದ್ದು 2007ರಲ್ಲಿ, ಮೀಶೋ 2015ರಲ್ಲಿ, ಎರಡೂ ನಮ್ಮ ಬೆಂಗಳೂರಲ್ಲೇ. ಇವೆಲ್ಲ ಬರೋ ಮುಂಚೆ ಹಳ್ಳಿಯಲ್ಲಿ ಕೂತು ಗುವಾಹಟಿಗೆ ಪಾರ್ಸೆಲ್ ಕಳಿಸಿ ದುಡ್ಡು ಎಣಿಸೋದು ಸುಲಭದ ಮಾತಾಗಿರ್ಲಿಲ್ಲ. ಕೊರಿಯರ್ ಅವರದ್ದು, ಕ್ಯಾಶ್ ಆನ್ ಡೆಲಿವರಿ ಅವರದ್ದು, ರಿಟರ್ನ್ ಅವರದ್ದು. ಗೊತ್ತಿಲ್ಲದ ಮನುಷ್ಯನ ಹತ್ರ ಗೊತ್ತಿಲ್ಲದ ಮನುಷ್ಯ ಧೈರ್ಯವಾಗಿ ಸಾಮಾನು ತಗೋತಾನೆ ಅಂದ್ರೆ ಮಧ್ಯದಲ್ಲಿ ಅವರ ಹೆಸರಿದೆ ಅಂತಲೇ.

ಹಾಗಾದ್ರೆ ತೊಂದ್ರೆ ಏನು? ಎಲ್ಲರೂ ಮೊದಲು ಹೇಳೋದು ಕಮಿಷನ್. ನನ್ನ ಪ್ರಕಾರ ಅದು ಎರಡನೇ ವಿಷಯ.

ನೋಡಿ, ಕಮಿಷನ್ ಈಗ ಇಳೀತಾನೇ ಇದೆ. ಮೀಶೋ 2021ರಲ್ಲೇ ಸೊನ್ನೆ ಕಮಿಷನ್ ಅಂದಿತು. ಅಮೆಜಾನ್ 2025ರ ಏಪ್ರಿಲ್‌ನಿಂದ 300 ರೂಪಾಯಿ ಒಳಗಿನ ಬಹಳಷ್ಟು ಸಾಮಾನಿಗೆ ರೆಫರಲ್ ಫೀ ತೆಗೀತು. ಅದೇ ವರ್ಷ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ 1000 ರೂಪಾಯಿ ಒಳಗಿನದ್ದಕ್ಕೆ ಸೊನ್ನೆ ಅಂದಿತು. ಖುಷಿಯೇ. ಆದ್ರೆ ಶಿಪ್ಪಿಂಗು, ಜಾಹೀರಾತು, ರಿಟರ್ನ್ ಬಂದಾಗಿನ ಖರ್ಚು ಬೇರೆ ಬೇರೆ ಸಾಲಲ್ಲಿ ಇದ್ದೇ ಇರುತ್ತೆ. ಸಣ್ಣ ಬೆಲೆಯ ಸಾಮಾನಿಗೆ ಅವೆಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರ ಆಗೋದು ಈಗಲೂ ಉಂಟು.

ಅದಕ್ಕಿಂತ ದೊಡ್ಡ ವಿಷಯ: ಇಳಿಸಿದ್ದೂ ಅವರೇ. ನಮ್ಮನ್ನ ಕೇಳಿ ಇಳಿಸ್ಲಿಲ್ಲ, ಏರಿಸೋವಾಗಲೂ ಕೇಳಲ್ಲ.

ಕೈಯಲ್ಲಿ ಮಾಡಿದ ಸಾಮಾನು ಮಾರೋ ಅಮೆರಿಕದ ಎಟ್ಸಿ ನೆನಪಿಸ್ಕೊಳ್ಳಿ. 2022ರ ಏಪ್ರಿಲ್ 11ರಿಂದ ಅವರು ಟ್ರಾನ್ಸಾಕ್ಷನ್ ಫೀ ಶೇ 5ರಿಂದ ಶೇ 6.5ಕ್ಕೆ ಏರಿಸಿದ್ರು. ಸಾವಿರಾರು ಸೆಲ್ಲರ್‌ಗಳು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಮಾಡಿದ್ರು. ಫೀ ಇಳೀಲಿಲ್ಲ. ಮುಷ್ಕರದ ವಾರ ಅವರ ವ್ಯಾಪಾರ ನಿಂತಿತ್ತು, ಎಟ್ಸಿಯದ್ದು ನಡೀತಾನೇ ಇತ್ತು.

ಹೋಗೋಕೆ ಬೇರೆ ಬಾಗಿಲು ಇರೋನು ಚೌಕಾಸಿ ಮಾಡ್ತಾನೆ. ಇಲ್ಲದೋನು ಬರೀ ಮನವಿ ಕೊಡ್ತಾನೆ.

3/9

ಫೋಟೋದಲ್ಲಿರೋದು ಅಪ್ಪೆಮಿಡಿ. ಸಾಗರದ ಕಡೆಯವರಿಗೆ ಪರಿಚಯ ಬೇಕಿಲ್ಲ. ಬೇರೆಯವರಿಗೆ: ಬಲಿಯೋ ಮುಂಚೆ ಕೊಯ್ದ, ತೊಟ್ಟು ಮುರಿದ್ರೆ ಪರಿಮಳ ಬರೋ ಕಾಡುಮಾವಿನ ಮಿಡಿ. ವರ್ಷಕ್ಕೊಂದೇ ಸಲ ಸಿಗೋದು. ಉಪ್ಪಲ್ಲಿ ಹಾಕಿ, ಆಮೇಲೆ ಉಪ್ಪಿನಕಾಯಿ ಮಾಡಿದ್ರೆ ವರ್ಷಗಟ್ಲೆ ಇರುತ್ತೆ.

ನನ್ನ ಚಿಕ್ಕಮ್ಮ ಇದನ್ನ ಮಾಡಿ ಮಾರ್ತಾರೆ. ಸೀಸನ್‌ನಲ್ಲಿ ಊರಿನ ಇಬ್ಬರು ಹೆಂಗಸರು ಕೂಲಿಗೆ ಬರ್ತಾರೆ. ಮಿಡಿ ಕೊಯ್ಯೋರಿಗೆ ಆಗಿಂದಾಗಲೇ ನಗದು ಕೊಡ್ಬೇಕು, ಮರ ಹತ್ತೋ ಕೆಲಸಕ್ಕೆ ಯಾರೂ ಸಾಲ ಹೇಳಲ್ಲ. ಅಂದ್ರೆ ಖರ್ಚೆಲ್ಲ ಮಾರ್ಚ್ ಒಳಗೆ, ಆದಾಯ ಮುಂದಿನ ಹನ್ನೆರಡು ತಿಂಗಳು. ನನ್ನ ಕಾಲೇಜು ಫೀಸಿನ ಅರ್ಧ ಈ ಜಾಡಿಯಿಂದಲೇ ಬರೋದು, ಹಾಗಾಗಿ ಇದು ನನಗೆ ಬರೀ ಕೇಸ್ ಸ್ಟಡಿ ಅಲ್ಲ.

ಮೂರು ವರ್ಷ ಒಂದು ದೊಡ್ಡ ಆ್ಯಪಲ್ಲಿ ಮಾತ್ರ ಮಾರಿದ್ರು. ನಾನೂರಕ್ಕೂ ಹೆಚ್ಚು ರಿವ್ಯೂ. ಒಂದು ದಿನ ಅಕೌಂಟ್ ತಡೆಹಿಡಿಯಲಾಗಿದೆ, ದಾಖಲೆ ಪರಿಶೀಲನೆ ನಡೀತಿದೆ ಅಂತ ಮೆಸೇಜ್ ಬಂತು. ಆಹಾರ ಪರವಾನಗಿ ಸರಿಯಾಗಿತ್ತು, ಅಪ್‌ಲೋಡ್ ಕೂಡ ಆಗಿತ್ತು. ಮತ್ತೆ ಕಳಿಸಿದ್ವಿ. ಉತ್ತರ ಬಂತು, ಆದ್ರೆ ಪ್ರತಿ ಸಲ ಅದೇ ನಾಲ್ಕು ಸಾಲು. ಯಾವ ದಾಖಲೆ, ಏನು ತಪ್ಪು ಅಂತ ಯಾರೂ ಹೇಳ್ಲಿಲ್ಲ. ಹತ್ತೊಂಬತ್ತನೇ ದಿನ ತಾನಾಗೇ ತೆರೀತು. ಆಗಲೂ ಕಾರಣ ಹೇಳ್ಲಿಲ್ಲ.

ಆ ಹತ್ತೊಂಬತ್ತು ದಿನ ದೀಪಾವಳಿ ಮುಂಚೆ. ತಲುಪಿದ್ದ ಆರ್ಡರುಗಳ 23 ಸಾವಿರ ರೂಪಾಯಿ ಅಲ್ಲೇ ಸಿಕ್ಕಿಹಾಕ್ಕೊಂಡಿತ್ತು. ಕೂಲಿ ಬಾಕಿ ಕೊಡೋಕೆ ಬಳೆ ಅಡವಿಡ್ಬೇಕಾಯ್ತು.

ದುಡ್ಡು ಆಮೇಲೆ ಬಂತು, ಬಳೆಯೂ ವಾಪಸ್ ಬಂತು. ಪೇಜ್ ಮಾತ್ರ ಮೊದಲಿನ ಹಾಗೆ ಆಗ್ಲಿಲ್ಲ. "ಅಪ್ಪೆಮಿಡಿ" ಅಂತ ಹುಡುಕಿದ್ರೆ ಮೊದಲು ಕಾಣ್ತಿದ್ದದ್ದು ಕೆಳಗೆಲ್ಲೋ ಇಳಿದಿತ್ತು.

ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಬೆಂಗಳೂರಲ್ಲಿ ಇರೋ ಮಲೆನಾಡಿನವರು ಮೂರು ವರ್ಷದಿಂದ ಇವರದ್ದೇ ಉಪ್ಪಿನಕಾಯಿ ತಗೊಂಡಿದ್ದಾರೆ. ಆ ಹತ್ತೊಂಬತ್ತು ದಿನವೂ ಅವರಿಗೆ ಉಪ್ಪಿನಕಾಯಿ ಬೇಕಿತ್ತು, ಇವರ ಹತ್ರ ಜಾಡಿ ತುಂಬ ಇತ್ತು. ಅವರಲ್ಲಿ ಒಬ್ಬರ ನಂಬರೂ ಚಿಕ್ಕಮ್ಮನ ಹತ್ರ ಇರ್ಲಿಲ್ಲ.

4/9

ಚಿಕ್ಕಮ್ಮನ ವ್ಯಾಪಾರಕ್ಕೆ ಬಿದ್ದಿದ್ದು ಒಂದು ಬೀಗ ಅಲ್ಲ, ಮೂರು. ಬಿಡಿಸಿ ನೋಡಿದ್ರೆ ನಿಮ್ಮ ವ್ಯಾಪಾರದಲ್ಲೂ ಕಾಣುತ್ತೆ.

ಮೊದಲನೇ ಬೀಗ ಗಿರಾಕಿ. ಕೊಂಡವರು ಯಾರು, ಎಷ್ಟು ತಿಂಗಳಿಗೊಮ್ಮೆ ಕೊಳ್ತಾರೆ ಅನ್ನೋದು ಆ್ಯಪಿಗೆ ಗೊತ್ತು. ನಮಗೆ ಆರ್ಡರ್ ನಂಬರ್ ಗೊತ್ತು, ಪಾರ್ಸೆಲ್ ಚೀಟಿ ಮೇಲಿನ ಪಿನ್‌ಕೋಡ್ ಗೊತ್ತು. ಆ ವಿಳಾಸಕ್ಕೆ ನಾವು ಬೇರೆ ಏನಾದ್ರೂ ಕಳಿಸಿದ್ರೆ ಅದು ನಿಯಮ ಮುರಿದ ಹಾಗೆ.

ಎರಡನೇ ಬೀಗ ಜಾಗ. ಹುಡುಕಿದಾಗ ನಾವು ಎಷ್ಟನೇ ಸಾಲಲ್ಲಿ ಕಾಣ್ತೀವಿ ಅನ್ನೋದು. ಸಂತೆಯಲ್ಲಿ ಮೂಲೆಗೆ ಕೂರಿಸಿದ್ರೆ ಕೂಗಿ ಕರೀಬಹುದು. ಇಲ್ಲಿ ಕೂಗೋದಕ್ಕೂ ಕಾಸು ಕೊಡ್ಬೇಕು, ಅದರ ಹೆಸರು ಸ್ಪಾನ್ಸರ್ಡ್ ಲಿಸ್ಟಿಂಗ್. ಪಕ್ಕದವನೂ ಕೊಡ್ತಾನೆ ಅಂತ ನಾವೂ ಕೊಡ್ತೀವಿ, ಕೊನೆಗೆ ಇಬ್ಬರೂ ಇದ್ದಲ್ಲೇ ಇರ್ತೀವಿ.

ಮೂರನೇ ಬೀಗ ದುಡ್ಡು. ಗಿರಾಕಿ ಕೊಟ್ಟ ಹಣ ಮೊದಲು ಅವರ ಹತ್ರ ಹೋಗಿ, ಕಟ್ ಆಗೋದೆಲ್ಲ ಕಟ್ ಆಗಿ, ದಿನ ಕಳೆದು ನಮಗೆ ಬರುತ್ತೆ. ಸಣ್ಣ ವ್ಯಾಪಾರದಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂದ್ರೆ ಪಾಠ ಅಲ್ಲ, ಶನಿವಾರದ ಕೂಲಿ.

ಅಡಿಕೆ ಬೆಳೆಯೋ ಮನೆಯವರಿಗೆ ಇದು ಹೊಸದಲ್ಲ. ಮಗಳ ಮದುವೆಗೋ ತೋಟದ ಖರ್ಚಿಗೋ ಮಂಡಿಯಲ್ಲಿ ಮುಂಗಡ ತಗೊಂಡ್ರೆ, ಅಡಿಕೆ ಅದೇ ಮಂಡಿಗೆ ಹಾಕ್ಬೇಕು. ಪಕ್ಕದ ಮಂಡಿಯಲ್ಲಿ ಕ್ವಿಂಟಲಿಗೆ ನಾಲ್ಕು ಕಾಸು ಹೆಚ್ಚಿದ್ರೂ ನೋಡ್ಕೊಂಡು ಬರ್ಬೇಕು ಅಷ್ಟೇ. ದಲಾಲಿ ಕೆಟ್ಟವನಾಗಿರ್ಬೇಕು ಅಂತೇನಿಲ್ಲ. ಕಷ್ಟಕ್ಕೆ ಆದವನೇ ಇರ್ಬಹುದು. ಆದ್ರೆ ರೇಟು ಮಾತಾಡೋ ಶಕ್ತಿ ಮುಂಗಡ ತಗೊಂಡ ದಿನವೇ ಕೈಬಿಟ್ಟು ಹೋಗಿರುತ್ತೆ. ಈಗ ಸೆಲ್ಲರ್ ಆ್ಯಪುಗಳಲ್ಲೂ "ನಿಮಗೆ ಇಷ್ಟು ಸಾಲ ಸಿಗುತ್ತೆ, ಮುಂದಿನ ಮಾರಾಟದಲ್ಲಿ ಕಟ್ ಆಗುತ್ತೆ" ಅಂತ ಬರೋದು ನೋಡಿದಾಗ ನನಗೆ ನೆನಪಾಗೋದು ಇದೇ ಮುಂಗಡ.

ಈ ಮೂರು ಬೀಗದಲ್ಲಿ ಒಂದು ತೆಗೆದ್ರೆ ಉಳಿದ ಎರಡು ಸಡಿಲ ಆಗ್ತವೆ. ತೆಗೀಬೇಕಾದ್ದು ಗಿರಾಕಿಯ ಬೀಗ. ನಂಬರ್ ನಮ್ಮ ಹತ್ರ ಇದ್ರೆ ಎಷ್ಟನೇ ಸಾಲಲ್ಲಿ ಕಾಣ್ತೀವಿ ಅನ್ನೋ ಚಿಂತೆ ಕಮ್ಮಿ, ದುಡ್ಡೂ ನೇರ ಬರುತ್ತೆ.

5/9

"ಇದಕ್ಕೆಲ್ಲ ಕಾನೂನು ಇಲ್ವಾ?" ಹೋದ ಸಲದ ಸ್ಟೋರಿಗೆ ತುಂಬ ಜನ ಇದನ್ನೇ ಕೇಳಿದ್ರಿ. ಇದೆ. ಎಷ್ಟಿದೆ ಅಂತ ನೋಡೋಣ.

ವಿದೇಶಿ ಬಂಡವಾಳ ಇರೋ ಮಾರ್ಕೆಟ್‌ಪ್ಲೇಸುಗಳಿಗೆ 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರೆಸ್ ನೋಟ್ 2 ಹೊರಡಿಸ್ತು, 2019ರ ಫೆಬ್ರವರಿ 1ರಿಂದ ಜಾರಿ. ಅದರಲ್ಲಿ ಒಂದು ಸಾಲು ನಮಗೆ ಮುಖ್ಯ: ಯಾವ ಸೆಲ್ಲರ್‌ಗೂ "ನಮ್ಮಲ್ಲಿ ಮಾತ್ರ ಮಾರು" ಅಂತ ಒತ್ತಾಯ ಮಾಡೋ ಹಾಗಿಲ್ಲ. ಅಂದ್ರೆ ನಮ್ಮ ಏಳು ಜನರನ್ನ ಒಂದೇ ಕಡೆ ಕಟ್ಟಿ ಹಾಕಿದವರು ಯಾರೂ ಇಲ್ಲ. ಹಗ್ಗದ ಇನ್ನೊಂದು ತುದಿ ನಮ್ಮ ಕೈಯಲ್ಲೇ ಇದೆ.

2020ರ ಜುಲೈನಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು, ಹುಡುಕಾಟದಲ್ಲಿ ಸಾಮಾನಿನ ಕ್ರಮ ಯಾವುದರ ಮೇಲೆ ನಿಂತಿದೆ, ಸೆಲ್ಲರ್‌ಗಳ ಮಧ್ಯೆ ಭೇದ ಮಾಡ್ತಿದ್ರೆ ಹೇಗೆ ಅಂತ ತಿಳಿಸ್ಬೇಕು ಅನ್ನುತ್ತೆ. ಒಳ್ಳೆಯದೇ. ಆದ್ರೆ ಹೆಸರೇ ಹೇಳೋ ಹಾಗೆ ಅದು ಮುಖ್ಯವಾಗಿ ಕೊಳ್ಳೋರ ರಕ್ಷಣೆಗೆ.

ಯುರೋಪಿನಲ್ಲಿ ಮಾರೋರಿಗೆ ಅಂತಲೇ ಒಂದು ನಿಯಮ ಇದೆ, 2020ರ ಜುಲೈ 12ರಿಂದ. ಸೆಲ್ಲರ್‌ಗೆ ಸೇವೆ ಪೂರ್ತಿ ನಿಲ್ಲಿಸೋದಾದ್ರೆ ಸಾಮಾನ್ಯವಾಗಿ 30 ದಿನ ಮುಂಚೆ ಕಾರಣ ಬರೆದು ಕೊಡ್ಬೇಕು, ತಡೆಹಿಡಿದ್ರೂ ಕಾರಣ ಕೊಡ್ಬೇಕು. ಚಿಕ್ಕಮ್ಮನಿಗೆ ಬೇಕಿದ್ದದ್ದು ಅದೇ ಒಂದು ಸಾಲು, ಕಾರಣ. ನಮ್ಮ ದೇಶದಲ್ಲೂ ಇಂಥ ನಿಯಮ ಬರ್ಲಿ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಆದ್ರೆ ಕಾಯ್ತಾ ಕೂರೋದು ಬೇಡ. ಆಯ್ದ ಕೆಲವು ಸೆಲ್ಲರ್‌ಗಳಿಗೆ ಆದ್ಯತೆ ಸಿಗ್ತಿದೆ ಅನ್ನೋ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶ ಕೊಡ್ತು. ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ತಡೆ ಕೊಡ್ತು. 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿ ವಜಾ ಆಯ್ತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆ ನಿಲ್ಲಿಸೋಕೆ ಒಪ್ಪಲಿಲ್ಲ. ತನಿಖೆ ನಡೀಬೇಕೋ ಬೇಡ್ವೋ ಅಂತ ತೀರ್ಮಾನ ಆಗೋಕೇ ಒಂದೂವರೆ ವರ್ಷ. ಅಷ್ಟರಲ್ಲಿ ಎರಡು ಮಿಡಿ ಸೀಸನ್ ಬಂದು ಹೋಗಿತ್ತು.

6/9

ಫೋಟೋ: ಕ್ಯಾಂಪ್ಕೋ ಚಾಕೊಲೇಟ್. ಬರೀ ತಿನ್ನೋಕೆ ಹಾಕಿಲ್ಲ, ಇದರಲ್ಲಿ ಇವತ್ತಿನ ಪಾಠ ಇದೆ.

ಕ್ಯಾಂಪ್ಕೋ ಶುರುವಾಗಿದ್ದು 1973ರಲ್ಲಿ, ಮಂಗಳೂರಲ್ಲಿ. ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. ಅಡಿಕೆ ರೇಟು ನೆಲ ಕಚ್ಚಿದ ಕಾಲ, ರೈತ ವ್ಯಾಪಾರಿ ಹೇಳಿದ ಬೆಲೆಗೆ ಕೊಡ್ಬೇಕಾಗಿದ್ದ ಕಾಲ ಅದು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು.

ಆಮೇಲೆ ಕೋಕೋ ಕಥೆ. ಅಡಿಕೆ ತೋಟದ ಮಧ್ಯೆ ಕೋಕೋ ಹಾಕಿ ಅಂತ ರೈತರಿಗೆ ಉತ್ತೇಜನ ಕೊಟ್ಟರು, ರೈತರೂ ಹಾಕಿದ್ರು. ಅಡಿಕೆಯನ್ನಾದ್ರೆ ಒಣಗಿಸಿ ಇಟ್ಕೋಬಹುದು. ಕೋಕೋ ಕಾಯಿ ಕೊಯ್ದ ಮೇಲೆ ಕಾಯಲ್ಲ, ಮನೆಯಲ್ಲಿ ಯಾರೂ ತಿನ್ನೋದೂ ಇಲ್ಲ. ಚಾಕೊಲೇಟ್ ಮಾಡೋರು ತಗೊಂಡ್ರೆ ಉಂಟು, ಇಲ್ಲಾಂದ್ರೆ ಗೊಬ್ಬರ. 70ರ ದಶಕದ ಕೊನೆಗೆ ಅಂತರರಾಷ್ಟ್ರೀಯ ಬೆಲೆ ಬಿತ್ತು, ಖರೀದಿ ಮಾಡ್ತಿದ್ದವರು ಹಿಂದೆ ಸರಿದ್ರು. ಕೊಳ್ಳೋರನ್ನ ನಂಬಿ ನೆಟ್ಟ ಗಿಡದಲ್ಲಿ ಕಾಯಿ ತುಂಬಿತ್ತು, ಕೊಳ್ಳೋರು ಇರ್ಲಿಲ್ಲ.

ಆಗ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳೀತು. ಬರೀ ಖರೀದಿ ಮಾಡಿ ಇನ್ನೊಬ್ಬರಿಗೆ ಕೊಟ್ಟಿದ್ರೆ ಮತ್ತೆ ಅದೇ ಕಥೆ ಆಗ್ತಿತ್ತು. 1986ರಲ್ಲಿ ಪುತ್ತೂರಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ಮಾಡಿದ್ರು. ಅಲ್ಲಿಂದ ತಮ್ಮ ಹೆಸರಲ್ಲೂ ಮಾರ್ತಾರೆ, ಬೇರೆ ಕಂಪನಿಗಳಿಗೂ ಮಾಡಿ ಕೊಡ್ತಾರೆ.

ಇದರಲ್ಲಿ ನಾನು ಗಮನಿಸಿದ್ದು ಎರಡು.

ಒಂದು, ಅವರು ಮಾರುಕಟ್ಟೆ ಬಿಟ್ಟು ಹೋಗ್ಲಿಲ್ಲ. ದೊಡ್ಡ ಕಂಪನಿಗಳ ಜೊತೆ ವ್ಯಾಪಾರ ಇಟ್ಕೊಂಡೇ, ಪಕ್ಕದಲ್ಲಿ ಸ್ವಂತ ಬಾಗಿಲು ತೆರೆದ್ರು. ಈಗ ಒಬ್ಬ ದೊಡ್ಡ ಕೊಳ್ಳುವವ ಬೇಡ ಅಂದ್ರೂ ಕಾಯಿ ಮರದಲ್ಲೇ ಕೊಳೆಯಲ್ಲ.

ಎರಡು, ಒಬ್ಬೊಬ್ಬರೇ ಮಾಡ್ಲಿಲ್ಲ. ಒಂದು ತೋಟದವನಿಗೆ ಕಾರ್ಖಾನೆ ಸಾಧ್ಯವಿಲ್ಲ. ನಮಗೂ ಅಷ್ಟೇ. ಒಬ್ಬಳ ಹತ್ತು ಪಾರ್ಸೆಲ್‌ಗೆ ಕೊರಿಯರ್‌ನವರು ರೇಟು ಇಳಿಸಲ್ಲ. ಒಂದೇ ಊರಿನ ಐದು ಜನ ಸೇರಿ ದಿನಕ್ಕೆ ಐವತ್ತು ಪಾರ್ಸೆಲ್ ಅಂದ್ರೆ ಅವರೇ ಮನೆಗೆ ಬಂದು ತಗೊಂಡು ಹೋಗ್ತಾರೆ. ಒಬ್ಬರ ಉಪ್ಪಿನಕಾಯಿ, ಇನ್ನೊಬ್ಬರ ಹಪ್ಪಳ, ಮತ್ತೊಬ್ಬರ ಜೋನಿಬೆಲ್ಲ ಒಂದೇ ಪೆಟ್ಟಿಗೆಯಲ್ಲಿ ಹೋದ್ರೆ ಗಿರಾಕಿಗೂ ಊರಿಂದ ಗಂಟು ಬಂದ ಹಾಗೆ.

7/9

ಈಗ ನಿಮ್ಮ ತಕರಾರುಗಳು. ಕಾಮೆಂಟಲ್ಲಿ ಬಂದವುಗಳಲ್ಲಿ ಎರಡು ಗಟ್ಟಿ ಇವೆ.

"ಗೊತ್ತಿಲ್ಲದ ವೆಬ್‌ಸೈಟಿಗೆ ಯಾರು ದುಡ್ಡು ಹಾಕ್ತಾರೆ?"

ಸರಿ. ನಾನೂ ಹಾಕಲ್ಲ. ಅದಕ್ಕೇ ಮೊದಲ ಮಾರಾಟಕ್ಕೆ ಸಂತೆ ಬೇಕು. ಆದ್ರೆ ಒಂದು ಸಲ ತಿಂದು, ರುಚಿ ಹತ್ತಿ, "ಇವರದ್ದೇ ಬೇಕು" ಅಂತ ಹುಡುಕೋ ಮನುಷ್ಯನಿಗೆ ನಂಬಿಕೆ ಆಗಲೇ ಬಂದಿದೆ. ಆ ನಂಬಿಕೆ ಜಾಡಿಯ ಮೇಲೆ ಬಂದಿದ್ದು, ಆ್ಯಪಿನ ಮೇಲಲ್ಲ. ಆದ್ರೂ ಅವನು ಪ್ರತಿ ಸಲ ಸಂತೆ ಮೂಲಕವೇ ಬರ್ಬೇಕಾಗಿರೋದು ನಮ್ಮ ಮನೆ ದಾರಿ ಅವನಿಗೆ ಗೊತ್ತಿಲ್ಲ ಅಂತ ಮಾತ್ರ.

"ನೇರ ಕಳಿಸಿದ್ರೆ ಕೊರಿಯರ್ ದುಬಾರಿ."

ಇದೂ ಸರಿ. ಅದಕ್ಕೇ ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ, ನಿಮ್ಮ ಅಂಕಿ ಹಾಕಿ ನೋಡಿ. 300 ರೂಪಾಯಿ ಜಾಡಿ. ಆ್ಯಪಲ್ಲಿ ಶಿಪ್ಪಿಂಗು, ಬೇರೆ ಫೀಸು, ಜಾಹೀರಾತು ಸೇರಿ 100 ಹೋಗುತ್ತೆ ಅಂತ ಇಟ್ಕೊಳ್ಳಿ. ಕೈಗೆ 200. ನೇರ ಮಾರಿದ್ರೆ ಕೊರಿಯರ್ 80, ಪೇಮೆಂಟ್ ಗೇಟ್‌ವೇ 6. ಕೈಗೆ 214. ಒಂದು ಜಾಡಿಗೆ 14 ರೂಪಾಯಿ ಲಾಭ, ಅದಕ್ಕೆ ಇಷ್ಟೆಲ್ಲ ತಲೆನೋವು ಬೇಕಾ ಅನ್ಸುತ್ತೆ.

ಈಗ ಅದೇ ಗಿರಾಕಿ ಎರಡನೇ ಸಲ ಬಂದು ಮೂರು ಜಾಡಿ ಕೇಳಿದ ಅಂದ್ಕೊಳ್ಳಿ. ಆ್ಯಪಲ್ಲಿ ಜಾಡಿಗೆ ನೂರರ ಲೆಕ್ಕದಲ್ಲಿ 300 ಹೋಗಿ ಕೈಗೆ 600. ನೇರ ಆದ್ರೆ ಒಂದೇ ಪೆಟ್ಟಿಗೆ, ಕೊರಿಯರ್ 140, ಗೇಟ್‌ವೇ 18. ಕೈಗೆ 742. ವ್ಯತ್ಯಾಸ 142. ಅದರಲ್ಲಿ 40 ರೂಪಾಯಿ ಗಿರಾಕಿಗೇ ಬಿಟ್ಟುಕೊಟ್ರೂ ನಮಗೆ ನೂರು ಉಳೀತು.

ಹಾಗಾದ್ರೆ ನೇರ ಮಾರಾಟದ ಲಾಭ ಇರೋದು ಹೊಸ ಗಿರಾಕಿಯಲ್ಲಿ ಅಲ್ಲ, ವಾಪಸ್ ಬರೋ ಗಿರಾಕಿಯಲ್ಲಿ. ಇದೇ ನನ್ನ ಇಡೀ ವಾದ: ಮೊದಲನೇ ಬಾಟಲಿ ಸಂತೆಯಲ್ಲಿ ಮಾರಿ, ಎರಡನೇದು ಮನೆ ಬಾಗಿಲಲ್ಲಿ.

ಇದರಿಂದ ಇನ್ನೊಂದೂ ಗೊತ್ತಾಗುತ್ತೆ. ಮತ್ತೆ ಮತ್ತೆ ಬೇಕಾಗೋ ಸಾಮಾನಿಗೆ (ಪುಡಿ, ಉಪ್ಪಿನಕಾಯಿ, ಸೋಪು) ಸ್ವಂತ ಬಾಗಿಲು ಬೇಗ ಫಲ ಕೊಡುತ್ತೆ. ಫೋನ್ ಕವರ್ ಮಾರೋರಿಗೆ ಅಷ್ಟಿಲ್ಲ. ಅವರು ಕನಿಷ್ಠ ಎರಡು ಮೂರು ಮಾರ್ಕೆಟ್‌ಪ್ಲೇಸಲ್ಲಿ ಹಂಚ್ಕೊಂಡು ಮಾರೋದೇ ಸರಿ.

8/9

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ಎಲ್ಲಿಂದ ಶುರು ಮಾಡೋದು?

ಮೊದಲು ಲೇಬಲ್. ಪಾರ್ಸೆಲ್ ಒಳಗೆ "ನಮ್ಮ ವೆಬ್‌ಸೈಟಿಗೆ ಬನ್ನಿ, ಡಿಸ್ಕೌಂಟ್ ಇದೆ" ಅಂತ ಚೀಟಿ ಹಾಕೋದು ಮಾರ್ಕೆಟ್‌ಪ್ಲೇಸ್ ನಿಯಮಕ್ಕೆ ವಿರುದ್ಧ ಆಗ್ಬಹುದು, ಅಕೌಂಟಿಗೇ ಕುತ್ತು. ಆದ್ರೆ ಪ್ಯಾಕ್ ಮಾಡಿದ ಸಾಮಾನುಗಳ 2011ರ ಲೀಗಲ್ ಮೆಟ್ರಾಲಜಿ ನಿಯಮ ಏನು ಹೇಳುತ್ತೆ ಗೊತ್ತಾ? ತಯಾರಿಸಿದವರ ಹೆಸರು, ವಿಳಾಸ, ದೂರಿಗೆ ಸಂಪರ್ಕಿಸೋ ಫೋನ್ ನಂಬರ್, ಇಮೇಲ್ ಪ್ಯಾಕ್ ಮೇಲೆ ಇರಲೇಬೇಕು. ನಮ್ಮ ನಂಬರ್ ಹಾಕಿ ಅಂತ ಕಾನೂನೇ ಹೇಳ್ತಿದೆ. ತುಂಬ ಜನ ಅದನ್ನ ಇರುವೆ ಸೈಜಲ್ಲಿ ಮೂಲೆಗೆ ಹಾಕ್ತಾರೆ. ಓದೋ ಹಾಗೆ ಹಾಕಿ. ನಿಮ್ಮ ಹೆಸರೂ ಹಾಗೇ, "ಹೋಮ್‌ಮೇಡ್ ಪಿಕಲ್" ಅಂತ ಬರೆದ್ರೆ ಎರಡನೇ ಸಲ ಹುಡುಕೋಕೆ ಏನಿರುತ್ತೆ?

ಎರಡನೇದು, ಫೋನ್ ಮಾಡಿದವರ ಪಟ್ಟಿ. ಅವರ ಒಪ್ಪಿಗೆ ಕೇಳಿ ಬರ್ಕೊಳ್ಳಿ. ವರ್ಷಕ್ಕೆ ಎರಡು ಮೆಸೇಜ್ ಸಾಕು, "ಹೊಸ ಮಿಡಿ ಬಂತು" ಅಂತ. ದಿನಾ ಗುಡ್ ಮಾರ್ನಿಂಗ್ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ.

ಮೂರನೇದು ತೆರಿಗೆ. ನಮ್ಮ ರಾಜ್ಯದಲ್ಲಿ ಸಾಮಾನು ಮಾರೋರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. 2023ರ ಅಕ್ಟೋಬರ್ 1ರಿಂದ, ಮಿತಿ ಒಳಗಿದ್ದು ರಾಜ್ಯದ ಒಳಗೆ ಮಾತ್ರ ಮಾರೋರು ಮಾರ್ಕೆಟ್‌ಪ್ಲೇಸಲ್ಲೂ ನೋಂದಣಿ ಇಲ್ಲದೆ ಮಾರಬಹುದು, ಗುರುತಿನ ಸಂಖ್ಯೆ ಒಂದು ತಗೋಬೇಕು. ಹೊರರಾಜ್ಯಕ್ಕೆ ಕಳಿಸೋದಾದ್ರೆ ಸಾಮಾನ್ಯವಾಗಿ ನೋಂದಣಿ ಬೇಕೇ ಬೇಕು, ಸ್ವಂತ ವೆಬ್‌ಸೈಟಿಂದ ಕಳಿಸಿದ್ರೂ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಲ್ಲಿ "ನಗದು ಮಾತ್ರ" ಅನ್ನೋ ಬೋರ್ಡ್ ಎದ್ದಿದ್ದು ನೆನಪಿದೆಯಲ್ಲ? ಹೆದರಿ ಯುಪಿಐ ತೆಗೆಯೋದು ಬೇಡ, ಮೊದಲ ದಿನದಿಂದ ಪುಸ್ತಕ ಬರೆಯಿರಿ. ನಾವು ಬಿಕಾಂ ಓದ್ತಿರೋದು ಯಾಕೆ ಮತ್ತೆ?

ನಾಲ್ಕನೇದು, ಇನ್ನೊಂದು ಸಂತೆ. ಒಎನ್‌ಡಿಸಿ ಒಂದು ಆ್ಯಪ್ ಅಲ್ಲ, ಜಾಲ. ಒಂದು ಸೆಲ್ಲರ್ ಆ್ಯಪಲ್ಲಿ ಹಾಕಿದ ಸಾಮಾನು ಬೇರೆ ಬೇರೆ ಕೊಳ್ಳೋ ಆ್ಯಪುಗಳಲ್ಲಿ ಕಾಣುತ್ತೆ. ಸಾರ್ವಜನಿಕರಿಗೆ ಬೀಟಾ ಪರೀಕ್ಷೆ ಶುರುವಾಗಿದ್ದು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲೇ. ಹಾಕಿ ನೋಡಿ. ಆದ್ರೆ ಅದೊಂದನ್ನೇ ನಂಬಿ ಕೂತ್ರೆ ಮತ್ತೆ ಒಂದೇ ಬಾಗಿಲು.

9/9

ಕೊನೇದು. "ನನಗೆ ಮಾರ್ಕೆಟ್‌ಪ್ಲೇಸ್ ಚಿಂತೆ ಇಲ್ಲ, ನಾನು ಮಾರೋದು ಇಲ್ಲೇ, ಡಿಎಮ್ ಮಾಡಿ ಅಂತ" ಅನ್ನೋರಿಗೆ.

ಇದೂ ಬಾಡಿಗೆ ಜಾಗವೇ. ಇಲ್ಲಿ ಕಮಿಷನ್ ಕೇಳಲ್ಲ ನಿಜ. ಆದ್ರೆ ನಿಮ್ಮ ಫಾಲೋವರ್ಸ್‌ನಲ್ಲಿ ಎಷ್ಟು ಜನಕ್ಕೆ ನಿಮ್ಮ ಪೋಸ್ಟ್ ತೋರಿಸ್ಬೇಕು ಅಂತ ತೀರ್ಮಾನ ಮಾಡೋದು ನೀವಲ್ಲ. ಅಕೌಂಟ್ ಹ್ಯಾಕ್ ಆದ್ರೆ, ಯಾರೋ ಸುಳ್ಳು ರಿಪೋರ್ಟ್ ಹೊಡೆದ್ರೆ, ಮತ್ತೆ ಅದೇ ನಾಲ್ಕು ಸಾಲಿನ ಉತ್ತರಕ್ಕೆ ಕಾಯೋದು.

ಆ್ಯಪೇ ಇಲ್ಲದಾಗೋದೂ ಉಂಟು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧ ಮಾಡ್ತು. ಟಿಕ್‌ಟಾಕ್ ಎಲ್ಲರಿಗೂ ನೆನಪಿದೆ. ಅದೇ ಪಟ್ಟಿಯಲ್ಲಿ ಕ್ಲಬ್ ಫ್ಯಾಕ್ಟರಿ ಅನ್ನೋ ಶಾಪಿಂಗ್ ಆ್ಯಪ್ ಕೂಡ ಇತ್ತು, ನಮ್ಮ ದೇಶದ ಸೆಲ್ಲರ್‌ಗಳೇ ಅದರಲ್ಲಿ ಮಾರ್ತಿದ್ರು. ನಿಷೇಧ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಆ ಸೆಲ್ಲರ್ ಯಾವ ನಿಯಮವನ್ನೂ ಮುರಿದಿರ್ಲಿಲ್ಲ, ಆದ್ರೂ ಅವನ ಅಂಗಡಿ ಹೋಯ್ತು ಅನ್ನೋದಷ್ಟೇ ನಾನು ಹೇಳೋದು.

ಎಲ್ಲ ಬಾಗಿಲೂ ಒಂದೇ ದಿನ ತೆರೆಯೋಕೆ ಆಗಲ್ಲ. ಕೈಯಲ್ಲಿರೋದು ನಾಲ್ಕು ಜಾಡಿ, ನಡುವೆ ಇಂಟರ್ನಲ್ಸ್ ಬೇರೆ. ಅದಕ್ಕೇ ನನ್ನದೊಂದು ಸಣ್ಣ ನಿಯಮ ಇದೆ. ಇದು ಪುಸ್ತಕದ್ದಲ್ಲ, ನನ್ನ ಅಭಿಪ್ರಾಯ: ಯಾವ ಒಂದು ಆ್ಯಪೂ ನಿಮ್ಮ ಮಾರಾಟದ ಅರ್ಧಕ್ಕಿಂತ ಹೆಚ್ಚು ಆಗ್ಬಾರದು. ಇವತ್ತು ಶೇ 100 ಇದ್ರೆ ಮುಂದಿನ ವರ್ಷ 80, ಆಮೇಲೆ 60. ಆ್ಯಪಲ್ಲಿ ಮಾರೋದು ಕಮ್ಮಿ ಮಾಡಿ ಈ ಶೇಕಡಾ ಇಳಿಸೋದಲ್ಲ, ಬೇರೆ ಕಡೆ ಹೆಚ್ಚು ಮಾಡಿ ಇಳಿಸೋದು.

ಈ ವಾರದ ಮನೆಕೆಲಸ. ಒಂದು ಶೀಟ್ ತೆಗೀರಿ. ಕಳೆದ ಮೂರು ತಿಂಗಳ ಮಾರಾಟ ಬರೀರಿ, ಪಕ್ಕದಲ್ಲಿ ಯಾವ ಆ್ಯಪಿಂದ ಅಂತ ಬರೀರಿ. ಮೂರನೇ ಕಾಲಮ್‌ನಲ್ಲಿ "ಇವರನ್ನ ನಾನಾಗೇ ಸಂಪರ್ಕಿಸಬಲ್ಲೆನಾ?" ಅಂತ ಹೌದು ಅಥವಾ ಇಲ್ಲ. "ಹೌದು" ಎಷ್ಟಿದೆಯೋ ಅಷ್ಟು ಮಾತ್ರ ನಿಮ್ಮ ವ್ಯಾಪಾರ. ಉಳಿದಿದ್ದು ಸಂತೆಯ ವ್ಯಾಪಾರ.

ಹೌದು ಎಷ್ಟು ಬಂತು ಅಂತ ಕಾಮೆಂಟಲ್ಲಿ ಹಾಕಿ, ಸೊನ್ನೆ ಬಂದ್ರೂ ಹಾಕಿ. ಶಿವಮೊಗ್ಗ, ಸಾಗರದ ಕಡೆ ಮನೆಯಲ್ಲಿ ಏನಾದ್ರೂ ಮಾಡಿ ಮಾರೋರು ಐದು ಜನ ಸಿಕ್ರೆ, ಕೊರಿಯರ್‌ನವರ ಹತ್ರ ರೇಟು ಮಾತಾಡೋಕೆ ಒಟ್ಟಿಗೆ ಹೋಗೋಣ. ಮಾತಾಡೋದು ನಾನೇ.

#ಬಿಕಾಂಬರಹ #ಆನ್‌ಲೈನ್‌ವ್ಯಾಪಾರ #ಎರಡನೇಬಾಗಿಲು